ಬುಟ್ಟಿಯ ಹಾವಿನ ಊಟ

ಆಕಳಿಗೆ ಹುಲ್ಲು, ನಾಯಿಗೆ ರೊಟ್ಟಿ, ಬೆಕ್ಕಿಗೆ ಹಾಲು, ಗಿಳಿಗೆ ಪೇರಲಹಣ್ಣು ಎಂಬದನ್ನು ಮನೆಯ ಚಿಕ್ಕ ಮಗುವೂ ಬಲ್ಲದು. ಬಹುಕಾಲದ ಸಹವಾಸದಿಂದ ಈ ಪ್ರಾಣಿಗಳು ನಮ್ಮ ಮನೆಗೆ ಹೊಂದಿಕೊಂಡಿವೆ. ನಾವೂ ಅವುಗಳ ಹಸಿವನ್ನು ಅರಿತಿದ್ದೇವೆ. ಆದರೆ ಮನುಷ್ಯನು ಹಿಡಿದಿಟ್ಟುಕೊಳ್ಳುವ ಪ್ರಾಣಿಗಳಲ್ಲಿ ಹಾವಿನ ಸಂಗತಿಯೇ ಬೇರೆ. ಹಾವಾಡಿಗನ ಬುಟ್ಟಿಯಲ್ಲಿದ್ದರೂ, ಮೃಗಾಲಯದ ಗಾಜಿನ ಮನೆಯಲ್ಲಿ ಹತ್ತು ವರುಷವಿದ್ದರೂ ಅದು ನಮ್ಮ ಊಟವನ್ನು ಕಲಿಯಲಿಲ್ಲ. ನಾವೂ ಅದರ ಊಟವನ್ನು ತಿಳಿಯಲಿಲ್ಲ. ತಿಳಿಯದಿದ್ದರೂ ಉಣಿಸುವದನ್ನು ಮಾತ್ರ ಬಿಡಲಿಲ್ಲ. ಈ ಉಣಿಸುವಿಕೆಯಿಂದ ಹಾವಿಗೆ ಏನಾಗುವದೆಂಬದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಶ್ರಾವಣದ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವರು. ಬೇವಿನ ಮರಕ್ಕೆ ಜೋಕಾಲಿ ಬೀಳುವದು. ಅಳ್ಳು ಹುರಿದು, ಶೇಂಗಾದುಂಡಿ, ಎಳ್ಳುಂಡಿ, ತಂಬಿಟ್ಟು ಕಟ್ಟಿ ಡಬ್ಬಿ ತುಂಬಿಸುವರು. ಹುತ್ತದ ಮಣ್ಣಿನಿಂದ ಮಾಡಿದ ನಾಗಪ್ಪನಿಗಾಗಲಿ, ಅರಳಿಕಟ್ಟೆಯ ಕಲ್ಲುನಾಗರಕ್ಕಾಗಲಿ ಕೊಬ್ಬರಿಬಟ್ಟಲಿನಿಂದ ಬೆಲ್ಲದ ಹಾಲನ್ನು ದೇವರ ಪಾಲು, ತಾಯಿಯ ಪಾಲು, ತಂದೆಯ ಪಾಲು, ಅಣ್ಣನ ಪಾಲು ಎಂದು ಮನೆಯವರೆಲ್ಲರನ್ನೂ ನೆನೆದು ಎರೆಯುವರು. ಕಲ್ಲಿಗೆ ಎರೆದ ಹಾಲಿನಿಂದ ಕಲ್ಲಿಗೆ ಬಾಧೆಯಿಲ್ಲ. ಈ ನಂಬುಗೆಯು ಕಲ್ಲನ್ನು ಬಿಟ್ಟು ಜೀವಂತ ಹಾವಿನ ಬಾಯಿಗೆ ಬಂದಾಗಲೇ ತೊಂದರೆಯು ಮೊದಲಾಗುವದು.

ಹಾವಿಗೂ ಹಾಲಿಗೂ ಈ ನಂಟು ಎಲ್ಲಿಂದ ಬಂದಿತು? ನಾವು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಅಮರಕೋಶದ ಪಾತಾಳಭೋಗಿವರ್ಗದಲ್ಲಿ ಹಾವಿನ ಹೆಸರುಗಳ ದೊಡ್ಡ ಸರಣಿಯೇ ಇದೆ. ಎದೆಯಿಂದ ಹರಿಯುವದರಿಂದ ಉರಗ, ಬಿಲದಲ್ಲಿ ಮಲಗುವದರಿಂದ ಬಿಲೇಶಯ, ಕಾಲು ಕಾಣದ್ದರಿಂದ ಗೂಢಪಾದ, ಹೆಡೆಯು ಸೌಟಿನಂತಿರುವದರಿಂದ ದರ್ವೀಕರ, ಕಣ್ಣಿನಿಂದಲೇ ಕೇಳುವದೆಂಬ ಎಣಿಕೆಯಿಂದ ಚಕ್ಷುಃಶ್ರವ. ಕಡೆಗೆ, ಗಾಳಿಯನ್ನೇ ಉಣ್ಣುವದೆಂದು ಪವನಾಶನ. ಇಷ್ಟೊಂದು ಹೆಸರುಗಳಲ್ಲಿ ಹಾಲು ಕುಡಿಯುವದೆಂಬ ಅರ್ಥದ ಹೆಸರು ಒಂದೂ ಇಲ್ಲ! ಹಾಲನ್ನು ತಂದವರು ಕಥೆಗಾರರು. ಬ್ರಾಹ್ಮಣನೊಬ್ಬನು ತನ್ನ ಹೊಲದ ಹುತ್ತದ ಬಳಿ ಬಟ್ಟಲಲ್ಲಿ ಹಾಲನ್ನಿಡಲು, ದಿನಕ್ಕೊಂದರಂತೆ ಹೊನ್ನಿನ ನಾಣ್ಯವು ಅವನಿಗೆ ದೊರೆಯುತ್ತಿದ್ದಿತೆಂಬ ಪಂಚತಂತ್ರದ ಕಥೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಕಥೆಯು ಹೇಳಹೊರಟದ್ದು ಮನುಷ್ಯನ ಆಶೆಯನ್ನು. ನಾವು ಹಿಡಿದುಕೊಂಡದ್ದು ಹಾಲಿನ ಬಟ್ಟಲನ್ನು.

ಪವನಾಶನವೆಂಬ ಹೆಸರು ಬರಿಯ ಕಲ್ಪನೆಯಲ್ಲವೆಂದು ನಮಗೆ ತೋರುವದು. ಹಿಡಿದಿಟ್ಟ ಹಾವು ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಏನನ್ನೂ ಮುಟ್ಟದೆ ಬದುಕಿರುವದುಂಟು. ನೋಡಿದವರು ಇದು ಗಾಳಿಯನ್ನೇ ಕುಡಿದು ಬದುಕಿತೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಇದರ ಕಾರಣವು ಇಂತಿದೆ: ನಾವು ಉಂಡ ಅನ್ನದ ಬಹುಭಾಗವು ದೇಹವನ್ನು ಬೆಚ್ಚಗಿಡುವದರಲ್ಲಿಯೇ ವೆಚ್ಚವಾಗುವದು. ಹಾವು ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವದಿಲ್ಲ. ಬಿಸಿಲಿನಿಂದಲೂ ಕಾದ ನೆಲದಿಂದಲೂ ಶಾಖವನ್ನು ಕಡ ಪಡೆಯುವದು. ಆದ್ದರಿಂದ ಅದರ ಸಂಸಾರದ ಖರ್ಚು ಬಹಳ ಕಡಿಮೆ. ಒಂದು ಒಳ್ಳೆಯ ಇಲಿಯನ್ನು ನುಂಗಿದ ಹಾವು ಎಷ್ಟೋ ದಿವಸ ಮತ್ತೊಂದು ಊಟವನ್ನು ಬಯಸದು. ಪೊರೆ ಬಿಡುವ ಮುಂಚೆ ಅದರ ಕಣ್ಣು ಮಂಜಾಗುವದು. ಆಗಲೂ ಊಟ ಒಲ್ಲದು. ಚಳಿಯಲ್ಲಿ ಒಲ್ಲದು, ಯಾಕಂದರೆ ಮೈಯಲ್ಲಿ ಶಾಖವಿಲ್ಲದೆ ಹೊಟ್ಟೆಯಲ್ಲಿದ್ದದ್ದು ಅರಗದೆ ಕೊಳೆಯುವದು. ಹೆದರಿದಾಗಂತೂ ಒಲ್ಲದು. ತುಂಬಿದ ಹೊಟ್ಟೆಯ ಹಾವನ್ನು ಬೆನ್ನಟ್ಟಿದರೆ ನುಂಗಿದ್ದನ್ನೆಲ್ಲ ಕಕ್ಕಿ ಹಗುರಾಗಿ ಓಡುವದು. ಕೋಳಿಯ ಗೂಡಿನಲ್ಲಿ ಸಿಕ್ಕ ನಾಗರವು ನುಂಗಿದ ತತ್ತಿಗಳನ್ನು ಒಂದೊಂದಾಗಿ ಹೊರಗೆ ಹಾಕುವದನ್ನು ಹಳ್ಳಿಗರು ಕಂಡಿರುವರು.

ಹಾಗಾದರೆ ಹಾವಿನ ನಿಜವಾದ ಆಹಾರವು ಯಾವದು? ಜಗತ್ತಿನ ಹಾವುಗಳಲ್ಲಿ ಕಾಳು, ಸೊಪ್ಪು, ಹಣ್ಣುಗಳಿಂದ ಹೊಟ್ಟೆ ಹೊರೆಯುವ ಜಾತಿ ಒಂದೂ ಇಲ್ಲ. ಹಾವೆಲ್ಲ ಮಾಂಸಾಹಾರಿಯೇ. ನಾಗರವು ಇಲಿ, ಕಪ್ಪೆ, ಓತಿ, ಹಕ್ಕಿ, ತತ್ತಿ, ಬೇರೆ ಸಣ್ಣ ಹಾವುಗಳನ್ನು ತಿನ್ನುವದು. ಕೇರೆಹಾವಿಗೆ ಇಲಿ ಕಪ್ಪೆಗಳೇ ಪ್ರಧಾನ. ಕಟ್ಟುಹಾವು ತನ್ನ ಬಳಗದ ಹಾವುಗಳನ್ನೇ ನುಂಗುವದರಲ್ಲಿ ಮುಂದು. ಕುಷ್ಟಗಿ ಯಲಬುರ್ಗಾಗಳಂಥ ಒಣಭೂಮಿಗೆ ಒಗ್ಗಿದ ಗರಗಸ ಮಂಡಲವು ಗೇಣುದ್ದದ ಪ್ರಾಣಿಯಾದರೂ ಚೇಳು, ಜರಿಗಳನ್ನು ಸಹ ಬಿಡದು. ಹೂವಿನ ಕುಂಡದ ಮಣ್ಣಿನಲ್ಲಿ ಎರೆಹುಳವೆಂದು ಭ್ರಾಂತಿ ಹುಟ್ಟಿಸುವ ಕುರುಡುಹಾವು ಇರುವೆ ಗೆದ್ದಲುಗಳ ತತ್ತಿ ಮರಿಗಳನ್ನು ತಿಂದು ಬದುಕುವದು. ಮಣ್ಣುಮುಕ್ಕ ಹಾವೆಂದು ನಾವು ಕರೆಯುವ ಪ್ರಾಣಿಯು ಮಣ್ಣನ್ನು ಮುಕ್ಕುವದಿಲ್ಲ. ಮಣ್ಣಿನಲ್ಲಿ ಅಡಗಿದ್ದು ಇಲಿಯನ್ನು ಹಿಡಿದು ಸುತ್ತಿ ಉಸಿರು ನಿಲ್ಲಿಸಿ ನುಂಗುವದು. ಕಾಳಿಂಗಸರ್ಪಕ್ಕಂತೂ ಹಾವೇ ಅನ್ನ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ತತ್ತಿಯನ್ನುಣ್ಣುವ ಒಂದು ಹಾವು. ಅದರ ಬಾಯಲ್ಲಿ ಹಲ್ಲುಗಳು ಹೆಸರಿಗೆ ಮಾತ್ರ. ಹಕ್ಕಿಯ ತತ್ತಿಯನ್ನು ಇಡಿಯಾಗಿ ನುಂಗಿ, ಗಂಟಲೊಳಗೆ ಚಾಚಿಕೊಂಡಿರುವ ಬೆನ್ನೆಲುಬಿನ ಮೊನೆಗಳಿಂದ ಅದನ್ನು ಒಡೆದು, ರಸವನ್ನು ಕುಡಿದು ಚಿಪ್ಪನ್ನು ಉಗುಳುವದು. ದಶಕಗಟ್ಟಲೆ ಯಾರ ಕಣ್ಣಿಗೂ ಬೀಳದಿದ್ದ ಈ ಹಾವು ೨೦೦೩ರಲ್ಲಿ ಮಹಾರಾಷ್ಟ್ರದ ವರ್ಧಾ ಜಿಲ್ಲೆಯಲ್ಲಿ ಮತ್ತೆ ದೊರಕಿತು. ಒಂದೇ ಬಗೆಯ ಊಟವನ್ನು ನಂಬಿದ ಇಂಥ ಪ್ರಾಣಿಯನ್ನು ಪೆಟ್ಟಿಗೆಯಲ್ಲಿಟ್ಟು ಸಾಕುವದೆಂದರೆ ಉಪವಾಸ ಕೆಡವಿದಂತೆಯೇ ಸರಿ.

ಈಗ ಹಾಲಿನ ಮಾತಿಗೆ ಬರೋಣ. ಹಾಲು ಮೊಲೆಯೂಡುವ ಪ್ರಾಣಿಗಳ ಮರಿಗಳಿಗಾಗಿ ಇರುವದು. ಹಾವು ತತ್ತಿಯೊಡೆದು ಬರಲಿ, ಮಂಡಲದಂತೆ ಮರಿಯಾಗಿಯೇ ಹುಟ್ಟಲಿ, ತಾಯಿಯ ಹಾಲನ್ನು ಎಂದೂ ಕಂಡದ್ದಲ್ಲ. ಅದಕ್ಕೆ ಹಾಲನ್ನು ಅರಗಿಸುವ ಶಕ್ತಿಯಿಲ್ಲ. ಕೇರೆಹಾವು ಎಮ್ಮೆಯ ಕಾಲಿಗೆ ಸುತ್ತಿಕೊಂಡು ಕೆಚ್ಚಲಿನಿಂದ ಹಾಲು ಹೀರುವದೆಂದು ಹೇಳುವವರಿದ್ದಾರೆ. ಹೀರಲು ಮೆತ್ತನೆಯ ತುಟಿ ಬೇಕು, ಗಲ್ಲ ಬೇಕು. ಹಾವಿಗೆ ಎರಡೂ ಇಲ್ಲ. ಇರುವದು ಹಿಂದಕ್ಕೆ ಬಾಗಿದ ಸೂಜಿಯಂಥ ಹಲ್ಲು. ಆ ಹಲ್ಲು ಕೆಚ್ಚಲಿಗೆ ತಾಗಿದರೆ ಎಮ್ಮೆಯು ಸುಮ್ಮನೆ ನಿಂತೀತೆ? ಕೇರೆಯು ಕೊಟ್ಟಿಗೆಗೆ ಬರುವದು ನಿಜ. ಹಾಲಿಗಾಗಿ ಅಲ್ಲ, ಮೇವಿನ ಬಣವೆಯ ಇಲಿಗಾಗಿ.

“ಆದರೆ ಪಂಚಮಿಯ ದಿವಸ ಹಾವಾಡಿಗನ ನಾಗಪ್ಪ ಬಟ್ಟಲ ಹಾಲನ್ನು ಕುಡಿದದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವಲ್ಲ!” ಎಂದು ಹಿರಿಯರು ಕೇಳಬಹುದು. ಅವರು ಕಂಡದ್ದು ಸುಳ್ಳಲ್ಲ. ಕಂಡದ್ದರ ಹಿಂದಿನ ಸಂಗತಿಯು ಬೇರೆ. ಆ ಕಸುಬನ್ನು ಬಿಟ್ಟು ಎಷ್ಟೋ ವರುಷಗಳಾಗಿದ್ದ ಮುದುಕನೊಬ್ಬನು ಕುಷ್ಟಗಿಯ ಕಡೆಯ ಹಳ್ಳಿಯೊಂದರಲ್ಲಿ ನಮಗೆ ಸಿಕ್ಕಿದ್ದನು. ಈ ಪ್ರಶ್ನೆಯನ್ನೇ ನಾವು ಅವನಿಗೆ ಹಾಕಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು:

“ಮಾಸ್ತರ್ರ, ಹಾಲು ಕುಡೀತೈತಿ ಅಂತ ಮಂದಿ ಕೈ ಮುಗೀತಿದ್ರು. ಅದು ಹಾಲಿನ ಆಸೆ ಅಲ್ರೀ, ನೀರಡಿಕಿ. ಪಂಚಮಿ ಇನ್ನೂ ತಿಂಗಳು ಐತಿ ಅನ್ನೂವಾಗನ ನೀರು ಬಂದ್ ಮಾಡ್ತಿದ್ವಿ. ಏನು ಮುಂದಿಟ್ರೂ ಕುಡೀತಿತ್ತು.”

“ಹಬ್ಬದ ಮ್ಯಾಲೆ ಹಾವಿನ ಗತಿ ಏನಪ್ಪಾ?” ಎಂದೆವು.

“ಶೀಗಿ ಹುಣ್ಣಿವಿ ಕಾಣೂ ಹಾವು ಭಾಳ ಕಡಿಮಿ ಬಿಡ್ರಿ.”

ಹಾವುಗಳನ್ನು ಬಿಡಿಸಿ ಆರೈಕೆ ಮಾಡುವವರು ಹೇಳುವದೂ ಇದನ್ನೇ. ಹಬ್ಬಕ್ಕೆ ಮುಂಚೆ ಹಿಡಿದ ನಾಗರವನ್ನು ವಾರಗಟ್ಟಲೆ ನೀರಿಲ್ಲದೆ ಕತ್ತಲೆಯ ಬುಟ್ಟಿಯಲ್ಲಿಡುವರು. ವಿಷದ ಹಲ್ಲುಗಳನ್ನು ಕೀಳುವರು. ಕೆಲವರು ಬಾಯನ್ನು ದಾರದಿಂದ ಹೊಲಿದು, ಹಾಲು ಇಳಿಯುವಷ್ಟು ಮಾತ್ರ ಸಂದಿ ಬಿಡುವರು. ಒಣಗಿದ ಪ್ರಾಣಿಯು ಎದುರಿಗೆ ಬಂದ ದ್ರವಪದಾರ್ಥಕ್ಕೆ ಬಾಯಿಡುವದು. ಆ ಹಾಲು ಹೊಟ್ಟೆಗಿಳಿದರೆ ಕರುಳು ಕೆಡುವದು. ದಾರಿ ತಪ್ಪಿ ಶ್ವಾಸಕ್ಕಿಳಿದರೆ ಪುಪ್ಪುಸದ ಉರಿಯೂತವಾಗಿ ಪ್ರಾಣವೇ ಹೋಗುವದು. ಹಲ್ಲು ಕಿತ್ತ ಬಾಯಿಯ ಹುಣ್ಣು ಕೀವುಗಟ್ಟಿ, ಇಲಿ ಸಿಕ್ಕರೂ ಹಿಡಿಯಲಾರದ ಸ್ಥಿತಿಯುಂಟಾಗುವದು. ತಲೆಯ ಮೇಲೆ ಹಚ್ಚಿದ ಅರಿಷಿಣ ಕುಂಕುಮವು ಕಣ್ಣಿಗಿಳಿದರೆ, ರೆಪ್ಪೆಯಿಲ್ಲದ ಆ ಕಣ್ಣು ಅದನ್ನು ತಡೆಯಲಾರದು. ನಾವು ಪುಣ್ಯವೆಂದು ಕೊಟ್ಟ ಒಂದು ಬಟ್ಟಲು ಹಾಲಿನ ಹಿಂದೆ ಇಷ್ಟು ಸಂಕಟವಿರುವದು. ಸೀರೆಯ ಸೆರಗಿನಿಂದ ತಲೆ ಮುಚ್ಚಿ ಹಾಲೆರೆದ ತಾಯಿಗೆ ಇದು ತಿಳಿದಿದ್ದರೆ ಅವಳ ಕೈ ಮುಂದೆ ಬರುತ್ತಿರಲಿಲ್ಲ.

ಹಿಡಿದಿಟ್ಟ ಹಾವಿಗೆ ಉಣಿಸುವ ಕಷ್ಟವು ಹಾವಾಡಿಗನಿಗಷ್ಟೇ ಅಲ್ಲ, ಮೃಗಾಲಯದವರಿಗೂ ಇದೆ. ಹಾವು ತನ್ನ ಊಟವನ್ನು ಗುರುತಿಸುವದು ಹೆಚ್ಚಾಗಿ ವಾಸನೆಯಿಂದ. ಸೀಳುನಾಲಗೆಯು ಹೊರಬಂದು ಗಾಳಿಯ ವಾಸನೆಯನ್ನು ಹಿಡಿದು, ಬಾಯ ಅಂಗುಳದಲ್ಲಿರುವ ಒಂದು ವಿಶೇಷ ಇಂದ್ರಿಯಕ್ಕೆ ಒಪ್ಪಿಸುವದು. ವಾಸನೆ ಒಪ್ಪಿದರೆ ಊಟ, ಇಲ್ಲದಿದ್ದರೆ ಉಪವಾಸ. ಆದ್ದರಿಂದ ಹಾವನ್ನೇ ತಿನ್ನುವ ಕಾಳಿಂಗಕ್ಕೆ ಇಲಿಯನ್ನು ರೂಢಿ ಮಾಡಿಸಬೇಕಾದಾಗ, ಸತ್ತ ಇಲಿಗೆ ಹಾವಿನ ವಾಸನೆಯನ್ನು ಸವರಿ ಕೊಡುವರು. ಕೆಲವು ದಿನಗಳಲ್ಲಿ ಅದು ಮೋಸಹೋಗಿ ಇಲಿಯನ್ನು ನುಂಗಲು ಕಲಿಯುವದು. ಹೀಗೆ ಉಪಾಯವನ್ನು ಬಲ್ಲವರು, ವೈದ್ಯರನ್ನು ಬಳಿಯಲ್ಲಿಟ್ಟುಕೊಂಡವರು ಮಾಡುವ ಕೆಲಸವನ್ನು ನಾವು ಮನೆಯ ಪಡಸಾಲೆಯಲ್ಲಿ ಮಾಡಬಲ್ಲೆವೆ?

ಮೂಗನ್ನು ನಂಬಿದ ಪ್ರಾಣಿಯು ಮೂಗಿನಿಂದಲೇ ಮೋಸಹೋಗುವದೂ ಉಂಟು. ಹಾವು ಸಾಕುವ ಹವ್ಯಾಸವು ಪಾಶ್ಚಾತ್ಯ ದೇಶಗಳಲ್ಲಿ ಬಹಳ. ೨೦೨೦ರಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ಸಾಕಿದ ಹೆಬ್ಬಾವೊಂದು ಸಮುದ್ರತೀರದಲ್ಲಿ ಬಳಸುವ ಟವೆಲನ್ನೇ ಇಡಿಯಾಗಿ ನುಂಗಿತು. ಪಶುವೈದ್ಯರು ಅದಕ್ಕೆ ಮಂಪರು ಬರಿಸಿ, ಬಾಯಿಯ ದಾರಿಯಿಂದಲೇ ಟವೆಲನ್ನು ಹೊರಗೆಳೆದು ಬದುಕಿಸಿದರು. ಅಮೇರಿಕೆಯಲ್ಲಿ ಕೋಳಿಗಳನ್ನು ಪುಸಲಾಯಿಸಲು ಗೂಡಿನಲ್ಲಿಡುವ ಪಿಂಗಾಣಿಯ ತತ್ತಿಗಳನ್ನು ನುಂಗಿ ಸಂಕಟಪಡುವ ಹಾವುಗಳೂ ಇವೆ. ಒಂದೇ ಪೆಟ್ಟಿಗೆಯಲ್ಲಿಟ್ಟ ಎರಡು ಹಾವುಗಳು ಒಂದೇ ಇಲಿಯನ್ನು ಎರಡು ಕಡೆಯಿಂದ ನುಂಗತೊಡಗಿ, ಕಡೆಗೆ ಒಂದು ಹಾವು ಇನ್ನೊಂದನ್ನೇ ನುಂಗಿದ ಪ್ರಸಂಗಗಳುಂಟು. ಇವೆಲ್ಲ ಓದಲು ವಿನೋದವಾಗಿವೆ. ಆದರೆ ಹಾವು ಹೀಗೆ ಎಡವುವದು ಹೆಚ್ಚಾಗಿ ಮನುಷ್ಯನು ಒಡ್ಡಿದ ವಸ್ತುವಿನಿಂದ, ಮನುಷ್ಯನು ಕೂಡಿಹಾಕಿದ ಜಾಗದಲ್ಲಿ.

ನಮ್ಮಲ್ಲಿ ಹಾವನ್ನು ಸಾಕುವದು ಈಗ ಕಾಯಿದೆಗೆ ವಿರುದ್ಧವಾದದ್ದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ ತರುವಾಯ ಆದ ತಿದ್ದುಪಡಿಗಳೂ ನಾಗರ, ಕೇರೆ, ಮಂಡಲ, ಹೆಬ್ಬಾವು ಮೊದಲಾದವುಗಳನ್ನು ಹಿಡಿಯುವದನ್ನೂ ಕೊಲ್ಲುವದನ್ನೂ ನಿಷೇಧಿಸಿವೆ. ಆದರೂ ಮಣ್ಣುಮುಕ್ಕ ಹಾವಿಗೆ ಎರಡು ತಲೆಯೆಂದೂ, ಮನೆಯಲ್ಲಿಟ್ಟರೆ ಲಕ್ಷ್ಮಿ ಬರುವಳೆಂದೂ, ತೂಕ ಹೆಚ್ಚಿದಷ್ಟು ಬೆಲೆ ಹೆಚ್ಚೆಂದೂ ನಂಬಿಸಿ ಗುಟ್ಟಾಗಿ ಮಾರುವವರಿದ್ದಾರೆ. ಅದರ ಬಾಲವು ಮೊಂಡಾಗಿ ತಲೆಯಂತೆ ಕಾಣುವದೇ ಹೊರತು ಎರಡನೆಯ ತಲೆಯೆಂಬದಿಲ್ಲ. ಲಕ್ಷ್ಮಿಯ ಬದಲಿಗೆ ಪೋಲೀಸರು ಬಂದ ಸುದ್ದಿಯನ್ನೇ ನಾವು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಓದುತ್ತಿರುವೆವು.

ಇಲ್ಲಿ ಹಾವಾಡಿಗರ ವಿಷಯದಲ್ಲಿಯೂ ಒಂದು ನ್ಯಾಯದ ಮಾತನ್ನಾಡಬೇಕು. ಅವರು ಕ್ರೂರರೆಂದು ಹೇಳಿ ಕೈ ತೊಳೆದುಕೊಳ್ಳುವದು ಸುಲಭ. ಆದರೆ ಹಾವು ಹಾಲು ಕುಡಿಯುವದನ್ನು ನೋಡಬಯಸಿದವರು ನಾವು. ಅದಕ್ಕಾಗಿ ಕಾಸು ಕೊಟ್ಟವರೂ ನಾವು. ಕೊಳ್ಳುವವರಿಲ್ಲದಿದ್ದರೆ ಆ ವ್ಯಾಪಾರವೇ ಇರುತ್ತಿರಲಿಲ್ಲ. ತಲೆತಲಾಂತರದ ಅವರ ಜ್ಞಾನವು ವ್ಯರ್ಥವಾಗಬೇಕಾದದ್ದೂ ಇಲ್ಲ. ತಮಿಳುನಾಡಿನಲ್ಲಿ ಇರುಳರೆಂಬ ಜನರು ೧೯೭೮ರಲ್ಲಿ ಸಹಕಾರಿ ಸಂಘವನ್ನು ಕಟ್ಟಿಕೊಂಡು, ಸರಕಾರದ ಅನುಮತಿಯಿಂದ ಹಾವುಗಳನ್ನು ಹಿಡಿದು, ವಿಷವನ್ನು ತೆಗೆದು, ಮರಳಿ ಕಾಡಿಗೆ ಬಿಡುತ್ತ ಬಂದಿದ್ದಾರೆ. ಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷವು ಆ ವಿಷದಿಂದಲೇ ತಯಾರಾಗುವದು. ಹಾವು ಹಿಡಿಯುವ ಕೈಯೇ ಜೀವ ಉಳಿಸುವ ಕೈಯಾದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಡ.

ಹಾವಿಗೆ ನಿಜವಾದ ಊಟವು ನಮ್ಮ ಹೊಲದಲ್ಲಿಯೇ ಹೇರಳವಾಗಿದೆ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬಂದಂದಿನಿಂದ ಗಂಗಾವತಿಯ ಭೂಮಿಯೆಲ್ಲ ಬತ್ತದ ಗದ್ದೆಯಾಯಿತು. ಬತ್ತವಿದ್ದಲ್ಲಿ ಇಲಿಯುಂಟು; ಕಾಲುವೆಯಿದ್ದಲ್ಲಿ ಕಪ್ಪೆಯುಂಟು; ಅವೆರಡಿದ್ದಲ್ಲಿ ಹಾವು ಬಾರದಿರದು. ಇತ್ತ ಕುಷ್ಟಗಿ ಯಲಬುರ್ಗಾಗಳ ಜೋಳ, ಸಜ್ಜೆ, ಶೇಂಗಾದ ಹೊಲಗಳಲ್ಲಿಯೂ ಇಲಿಗೆ ಕೊರತೆಯಿಲ್ಲ. ಇಲಿಯು ತಿನ್ನುವದಕ್ಕಿಂತ ಕೆಡಿಸುವದು ಹೆಚ್ಚು. ತೆನೆಗಳನ್ನು ಕಡಿದು ಬಿಲದಲ್ಲಿ ಶೇಖರಿಸುವದು. ಬದುವನ್ನು ತೋಡಿ ನೀರನ್ನು ಸೋರಿಸುವದು. ವರುಷಕ್ಕೆ ಹಲವು ಸಲ ಮರಿ ಹಾಕುವದು. ಅದರ ಬಿಲದೊಳಗೆ ಬೆಕ್ಕು ಹೋಗಲಾರದು, ಗೂಗೆ ಹೋಗಲಾರದು; ಹಾವು ಹೋಗಬಲ್ಲದು. ಕೂಲಿಯಿಲ್ಲದೆ, ಬುತ್ತಿಯಿಲ್ಲದೆ ಹಗಲಿರುಳು ದುಡಿಯುವ ಈ ಕಾವಲುಗಾರನನ್ನು ರೈತನು ಹೊಲದಲ್ಲಿ ಕಂಡಾಕ್ಷಣ ಬಡಿಗೆಯಿಂದ ಹೊಡೆದು, ಪಂಚಮಿಯ ದಿನ ಕಲ್ಲಿಗೆ ಕೈ ಮುಗಿಯುವನು. ಈ ವಿಪರೀತವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ತಮ್ಮ ವಚನವೊಂದರಲ್ಲಿ ಎತ್ತಿ ತೋರಿಸಿದ್ದಾರೆ.

ಹಾವು ಉಪಕಾರಿಯೆಂದು ಹೇಳಿದ ಮಾತ್ರಕ್ಕೆ ಅದು ಅಪಾಯಕಾರಿಯಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ೨೦೦೦ದಿಂದ ೨೦೧೯ರ ವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಡಿತದಿಂದ ವರುಷಕ್ಕೆ ಸರಾಸರಿ ೫೮,೦೦೦ ಜನರು ಸತ್ತರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಕರ್ನಾಟಕ ಸರಕಾರವು ೨೦೨೪ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಸಾಯುವವರಲ್ಲಿ ಬಹುಜನರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಇದರ ಪರಿಹಾರವೂ ಹಾವಿನ ಊಟವನ್ನು ತಿಳಿಯುವದರಲ್ಲಿಯೇ ಇದೆ. ಹಾವು ಮನೆಗೆ ಬರುವದು ನಮ್ಮನ್ನು ಹುಡುಕಿಕೊಂಡಲ್ಲ, ಇಲಿಯನ್ನು ಹುಡುಕಿಕೊಂಡು. ಆದ್ದರಿಂದ ಗೃಹಿಣಿಯರು ಕಾಳಿನ ಚೀಲಗಳನ್ನು ನೆಲದಿಂದ ಎತ್ತರದಲ್ಲಿಡಬೇಕು. ಚೆಲ್ಲಿದ ಕಾಳನ್ನು ಆಗಿಂದಾಗ ಗುಡಿಸಬೇಕು. ಗೋಡೆಯ ಕಿಂಡಿಗಳನ್ನು ಮುಚ್ಚಬೇಕು. ಕಟ್ಟಿಗೆ, ಕುಳ್ಳು, ಮೇವಿನ ರಾಶಿಯನ್ನು ಬಾಗಿಲಿನಿಂದ ದೂರವಿಡಬೇಕು. ರಾತ್ರಿ ಹೊರಗೆ ಹೋಗುವಾಗ ದೀಪವನ್ನೂ ಕಾಲಿಗೆ ಮೆಟ್ಟನ್ನೂ ಮರೆಯಬಾರದು. ಕಟ್ಟುಹಾವು ಇರುಳಿನಲ್ಲಿ ತಿರುಗುವದಾದ್ದರಿಂದ ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯನ್ನು ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಬೇಕು. ಕಡಿದರೆ ಕೊಯ್ಯುವದು, ಹೀರುವದು, ಬಿಗಿದು ಕಟ್ಟುವದು, ಮಂತ್ರ ಹಾಕಿಸುವದು ಇವಾವವೂ ಬೇಡ. ಕಡಿದ ಅಂಗವನ್ನು ಅಲುಗಿಸದೆ ತಡಮಾಡದೆ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ಪ್ರತಿವಿಷವೊಂದೇ ಇದಕ್ಕೆ ಮದ್ದು. ಹಾವು ಮನೆಯೊಳಗೆ ಬಂದರೆ ಹೊಡೆಯಲು ಹೋಗದೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸುವದು ಲೇಸು. ಕಡಿತಗಳಲ್ಲಿ ಎಷ್ಟೋ ಹಾವನ್ನು ಹೊಡೆಯಹೋದಾಗಲೇ ಆದವು.

ಹಬ್ಬವನ್ನು ಬಿಡಿರೆಂದು ನಾವು ಯಾರಿಗೂ ಹೇಳುವದಿಲ್ಲ. ತವರಿಗೆ ಬಂದ ಮಗಳ ಸಂತೋಷವೂ, ಜೋಕಾಲಿಯ ಹಾಡೂ, ಉಂಡಿಯ ಡಬ್ಬಿಯೂ ಚಿರಕಾಲ ಇರಲಿ. ಮಣ್ಣಿನ ನಾಗಪ್ಪನಿಗೆ ಅರಿಷಿಣ ಕುಂಕುಮವೇರಲಿ. ಎಳೆಯ ಬೆರಳುಗಳಿಂದ ಎರಡು ಹನಿ ಹಾಲೂ ಬೀಳಲಿ. ಪಾತ್ರೆಯಲ್ಲಿ ಉಳಿದ ಹಾಲು ಮಾತ್ರ ಹುತ್ತದ ಬಾಯಿಗೆ ಹೋಗದೆ ಮಕ್ಕಳ ಬಾಯಿಗೆ ಹೋಗಲಿ. ಪಂಚಮಿಯ ದಿನ ಶಾಲೆಯ ಮಕ್ಕಳಿಗೂ ಆಸ್ಪತ್ರೆಯ ರೋಗಿಗಳಿಗೂ ಹಾಲು ಹಂಚುವ ಪದ್ಧತಿಯನ್ನು ನಾಡಿನ ಹಲವು ಮಠಗಳೂ ಸಂಘಗಳೂ ನಡೆಸಿಕೊಂಡು ಬಂದಿವೆ. ದೇವರ ಪಾಲು, ತಾಯಿಯ ಪಾಲು, ಅಣ್ಣನ ಪಾಲು ಎಂದು ಹೆಸರು ಹಿಡಿದು ಎರೆಯುವಾಗ ನೆರೆಮನೆಯ ಬಡಮಗುವಿನ ಪಾಲನ್ನೂ ಸೇರಿಸಿಕೊಂಡರೆ ಆ ಎಣಿಕೆಯು ಪೂರ್ತಿಯಾಗುವದು. ನಾಗಪ್ಪನ ಪಾಲನ್ನು ಹೊಲದ ಬಿಲದಲ್ಲಿ ಇಲಿಯ ರೂಪದಿಂದ ಸೃಷ್ಟಿಯೇ ಇಟ್ಟಿದೆ. ಅದನ್ನು ಅವನು ತಾನೇ ಹೋಗಿ ಉಣ್ಣುವನು; ನಾವು ದಾರಿ ಬಿಟ್ಟು ನಿಂತರೆ ಸಾಕು.